ಬಂಗು ಉಜ್ಜಿದರೆ ಹೋಗೋದಿಲ್ಲ

(ನಮ್ಮೂರಿನ ಮಹಿಳಾ ಸಮಾಜದಲ್ಲಿ ಆಡಿದ ಮಾತುಗಳು ಇವು. ಬಂದವರು ಬರೆದುಕೊಡಿ ಎಂದು ಕೇಳಿದರು. ನಡುವೆ ಬಂದ ಪ್ರಶ್ನೆಗಳನ್ನೂ ಸೇರಿಸಿ ಬರೆದಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನನ್ನನ್ನು ಕರೆದಾಗ ಒಂದೇ ಷರತ್ತು ಹಾಕಿದ್ದೆ. ಮನೆಯಲ್ಲಿ ಮುಖಕ್ಕೆ ಹಚ್ಚುವ ಕ್ರೀಮ್, ಮುಲಾಮು, ಪುಡಿ ಏನೇ ಇದ್ದರೂ ಚೀಲಕ್ಕೆ ಹಾಕಿಕೊಂಡು ಬನ್ನಿ ಎಂದಿದ್ದೆ. ತಂದಿದ್ದೀರಿ, ಸಂತೋಷ. ಸದ್ಯಕ್ಕೆ ಚೀಲದಲ್ಲೇ ಇರಲಿ. ಆಮೇಲೆ ಒಂದೊಂದಾಗಿ ತೆಗೆಯೋಣ.

ಮೊದಲು ನನ್ನ ಮುಖದ ಕಥೆ. ಎರಡನೇ ಸಲ ಬಸುರಿಯಾಗಿದ್ದಾಗ, ಆರು ತಿಂಗಳು ತುಂಬುವ ಹೊತ್ತಿಗೆ ನನ್ನ ಎರಡೂ ಕೆನ್ನೆಗೆ ಬಂಗು ಬಂತು. ಚರ್ಮದ ಡಾಕ್ಟರ ಮುಖಕ್ಕೇ ಬಂಗು! ಬರುವ ರೋಗಿಗಳೆಲ್ಲ ನನ್ನ ಕೆನ್ನೆ ನೋಡಿಕೊಂಡೇ ತಮ್ಮ ಕಷ್ಟ ಹೇಳುತ್ತಿದ್ದರು. ನಮ್ಮತ್ತೆಗೆ ನನಗಿಂತ ಜಾಸ್ತಿ ಚಿಂತೆ. ಕಡಲೆಹಿಟ್ಟಿಗೆ ನಿಂಬೆರಸ ಕಲಸಿ ತಂದು, "ಚೆನ್ನಾಗಿ ಉಜ್ಜಿಕೊಳ್ಳಮ್ಮ, ಕೊಳೆ ಬಿಡುತ್ತೆ" ಎಂದರು. ಇಷ್ಟು ಓದಿದ ಸೊಸೆಗೂ ಅವರು ಹೇಳಿದ್ದು ಕೊಳೆ ಅಂತಲೇ. ಅವರ ತಪ್ಪಲ್ಲ. ಕಪ್ಪು ಕಂಡರೆ ಉಜ್ಜಬೇಕು ಅಂತ ನಮ್ಮ ಕೈಗೆ ಚಿಕ್ಕಂದಿನಿಂದ ರೂಢಿಯಾಗಿಬಿಟ್ಟಿದೆ. ಪಾತ್ರೆ ತಳ ಕಪ್ಪಾದರೆ ಉಜ್ಜುತ್ತೇವೆ, ಕೆನ್ನೆ ಕಪ್ಪಾದರೂ ಉಜ್ಜುತ್ತೇವೆ.

ಹಾಗಾದರೆ ಈ ಕಪ್ಪು ಏನು?

ಚರ್ಮದ ಮೇಲ್ಪದರದ ತಳದಲ್ಲಿ ಬಣ್ಣ ಮಾಡುವ ಜೀವಕಣಗಳಿವೆ. ಮೆಲನೊಸೈಟ್ ಅಂತ ಹೆಸರು. ಅವು ಮೆಲನಿನ್ ಎಂಬ ಕಂದು ಬಣ್ಣವನ್ನು ಮಾಡಿ, ಚಿಕ್ಕ ಚಿಕ್ಕ ಪೊಟ್ಟಣ ಕಟ್ಟಿ, ಸುತ್ತಮುತ್ತಲ ಕಣಗಳಿಗೆ ಹಂಚುತ್ತವೆ. ಒಂದು ಬಣ್ಣದ ಕಣ ಸುಮಾರು 36 ಕಣಗಳಿಗೆ ಹೀಗೆ ಬಡಿಸುತ್ತದೆ. ಪೊಟ್ಟಣ ಸಿಕ್ಕ ಕಣ ಅದನ್ನು ಎಲ್ಲಿಡುತ್ತದೆ ಗೊತ್ತಾ? ತನ್ನ ನಡುವೆ ಇರುವ ಜೀವದ ಗಂಟಿನ, ಅಂದರೆ ನ್ಯೂಕ್ಲಿಯಸ್ಸಿನ ಮೇಲೆ, ಬಿಸಿಲು ಬರುವ ಕಡೆಗೆ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಕೊಡೆ ಬಿಚ್ಚಿ ಹಿಡಿದ ಹಾಗೇ ಕಾಣುತ್ತದೆ. ಓದುವಾಗ ಮೊದಲ ಸಲ ನೋಡಿ ಬೆರಗಾಗಿದ್ದೆ. ಕಣದೊಳಗಿನ ಡಿಎನ್‌ಎ ಬಿಸಿಲಿಗೆ ಕೆಡಬಾರದು ಅಂತ ಚರ್ಮ ಮಾಡಿಕೊಂಡ ಏರ್ಪಾಡು ಇದು.

ಇನ್ನೊಂದು ವಿಷಯ. ಬೆಳ್ಳಗಿರುವವರಲ್ಲೂ ಕಪ್ಪಗಿರುವವರಲ್ಲೂ ಈ ಬಣ್ಣದ ಕಣಗಳ ಲೆಕ್ಕ ಹೆಚ್ಚುಕಮ್ಮಿ ಒಂದೇ. ಪೊಟ್ಟಣ ಎಷ್ಟು ದೊಡ್ಡದು, ಎಷ್ಟು ಕಟ್ಟುತ್ತವೆ, ಹೇಗೆ ಹರಡುತ್ತವೆ ಅನ್ನುವುದರಲ್ಲಿ ಮಾತ್ರ ವ್ಯತ್ಯಾಸ. ನಮ್ಮ ಮೈಬಣ್ಣ ರೋಗವಲ್ಲ, ಅದಕ್ಕೆ ಔಷಧಿಯೂ ಬೇಡ. ಇವತ್ತು ನಾನು ಮಾತಾಡುವುದು ಒಂದೇ ಮುಖದಲ್ಲಿ ಅಲ್ಲಲ್ಲಿ ಬಣ್ಣ ಜಾಸ್ತಿಯಾಗುವ ಬಗ್ಗೆ.

ಕೊಡೆ ಅಂದೆ ಅಲ್ವಾ, ಅದನ್ನು ಮರೆಯಬೇಡಿ. ಚರ್ಮಕ್ಕೆ ಯಾವ ಕಿರುಕುಳ ಆದರೂ ಅದು ಕೊಡೆ ಬಿಚ್ಚುತ್ತದೆ. ಬಿಸಿಲಿಗೆ ಬಿಚ್ಚುತ್ತದೆ. ಮೊಡವೆ ಹಿಸುಕಿದರೆ ಬಿಚ್ಚುತ್ತದೆ. ಮಕ್ಕಳ ಕಾಲಿಗೆ ಸೊಳ್ಳೆ ಕಚ್ಚಿ, ಕೆರೆದು, ತಿಂಗಳುಗಟ್ಟಲೆ ಕಪ್ಪು ಚುಕ್ಕೆ ಉಳಿಯುತ್ತದಲ್ಲ, ಅದೂ ಹೀಗೇ. ನೀವು ಉಜ್ಜಿದರೆ ಅದಕ್ಕೂ ಬಿಚ್ಚುತ್ತದೆ. ಆಗ ನಿಮಗೆ ಅನಿಸುತ್ತದೆ, ಕಪ್ಪು ಇನ್ನೂ ಹೋಗಿಲ್ಲ, ಸರಿಯಾಗಿ ಉಜ್ಜಿಲ್ಲ ಅಂತ.

ಬಣ್ಣ ಎಷ್ಟು ಆಳದಲ್ಲಿದೆ ಅನ್ನುವುದೂ ಮುಖ್ಯ. ಮೇಲ್ಪದರದಲ್ಲಿ ಇದ್ದರೆ ಕಂದು. ಅದು ಅಂಗಳದ ರಂಗೋಲಿ ಇದ್ದ ಹಾಗೆ. ಚರ್ಮದ ಮೇಲ್ಪದರ ತಿಂಗಳಿಗೋ ಒಂದೂವರೆ ತಿಂಗಳಿಗೋ ಒಮ್ಮೆ ಹೊಸದಾಗುತ್ತಲೇ ಇರುತ್ತದೆ. ಹಳೇ ಬಣ್ಣ ತಾನಾಗಿ ಉದುರುತ್ತದೆ, ಹೊಸದು ಸೇರದಿದ್ದರೆ ಸಾಕು. ಬಣ್ಣ ಒಳಪದರಕ್ಕೆ ಜಾರಿದರೆ ಮಾತ್ರ ಅದು ಹಚ್ಚೆ. ಬೂದು, ನೀಲಿ ಛಾಯೆಯಲ್ಲಿ ಕಾಣುತ್ತದೆ, ವರ್ಷಗಟ್ಟಲೆ ಕೂತಿರುತ್ತದೆ. ಹಚ್ಚೆಯನ್ನು ಯಾವ ಸ್ಕ್ರಬ್ ಹಾಕಿ ತೆಗೆಯುತ್ತೀರಿ?

ಇನ್ನು, ಕಪ್ಪಾದದ್ದೆಲ್ಲ ಬಂಗಲ್ಲ. ಇಲ್ಲೇ ಬಹಳ ಜನ ಎಡವುವುದು. ಬಂಗು ಸಾಮಾನ್ಯವಾಗಿ ಎರಡೂ ಕಡೆ ಒಂದೇ ಥರ ಬರುತ್ತದೆ. ಕೆನ್ನೆ, ಹಣೆ, ಮೂಗು, ಮೇಲ್ತುಟಿ, ಕೆಲವರಿಗೆ ದವಡೆ ಅಂಚು. ತುರಿಕೆ ಇಲ್ಲ, ನೋವಿಲ್ಲ, ಚರ್ಮ ಉಬ್ಬುವುದಿಲ್ಲ. ಬರೀ ಬಣ್ಣ, ನಕಾಶೆ ಬರೆದ ಹಾಗೆ.

ಇಲ್ಲಿರುವ ಹಿರಿಯರಿಗೆ 2006 ನೆನಪಿರಬೇಕು. ಚಿಕುನ್‌ಗುನ್ಯಾ ಬಂದು ನಮ್ಮ ರಾಜ್ಯದಲ್ಲಿ ಊರೂರೇ ಮಂಚ ಹಿಡಿದಿತ್ತು. ಕೀಲು ಹಿಡಿದದ್ದು ಎಲ್ಲರಿಗೂ ನೆನಪಿದೆ. ಜ್ವರ ಬಿಟ್ಟ ಮೇಲೆ ಎಷ್ಟೋ ಜನರ ಮೂಗು ಕಪ್ಪಾದದ್ದು ನೆನಪಿದೆಯಾ? ಮೂಗಿನ ಮೇಲೆ ಮಸಿ ಬಳಿದ ಹಾಗೆ. ಈಗಲೂ ಯಾರಾದರೂ ಮೂಗು ಕಪ್ಪಾಯ್ತು ಅಂತ ಬಂದರೆ ನಾನು ಮೊದಲು ಕೇಳುವುದು, "ಇತ್ತೀಚೆಗೆ ಜ್ವರ ಬಂದಿತ್ತಾ? ಮಂಡಿ ನೋವಿತ್ತಾ?" ಅಂತ. ಅದು ಕೆಲವು ತಿಂಗಳಲ್ಲಿ ತಾನೇ ತಿಳಿಯಾಗುತ್ತದೆ. ಆ ತಿಂಗಳುಗಳಲ್ಲಿ ಮೂಗನ್ನು ಸುಮ್ನೆ ಬಿಡಬೇಕು ಅಷ್ಟೇ.

ಕತ್ತಿನ ಕಪ್ಪು ಬೇರೆಯೇ ಕಥೆ. ತಾಯಂದಿರು ಹದಿನಾಲ್ಕು ಹದಿನೈದರ ಮಗಳನ್ನು ಕರೆತಂದು, "ಎಷ್ಟು ಹೇಳಿದರೂ ಕತ್ತು ತೊಳೆಯಲ್ಲ ಡಾಕ್ಟ್ರೇ" ಎಂದು ಎದುರಿಗೇ ಬೈಯುತ್ತಾರೆ. ಪಾಪ, ಆ ಹುಡುಗಿ ದಿನಾ ತಿಕ್ಕಿ ತಿಕ್ಕಿ ಕತ್ತು ಉರಿಸಿಕೊಂಡಿರುತ್ತಾಳೆ. ಮುಟ್ಟಿ ನೋಡಿದರೆ ಅದು ಮಖಮಲ್ಲಿನ ಹಾಗೆ ದಪ್ಪಗಿರುತ್ತದೆ. ಕಂಕುಳಲ್ಲೂ ಇರುತ್ತದೆ, ಪಕ್ಕದಲ್ಲಿ ಸಣ್ಣ ಸಣ್ಣ ನರೂಲಿ ತೂಗುತ್ತಿರುತ್ತವೆ. ಮೈಯಲ್ಲಿ ಇನ್ಸುಲಿನ್ ಇದ್ದರೂ ಅದು ಸರಿಯಾಗಿ ಕೆಲಸ ಮಾಡದಿದ್ದಾಗ, ಮೈ ಇನ್ನಷ್ಟು ಇನ್ಸುಲಿನ್ ಸುರಿಸುತ್ತದೆ. ಹೆಚ್ಚಾದ ಇನ್ಸುಲಿನ್ ಚರ್ಮದ ಕಣಗಳನ್ನು ಬೆಳೆಸುತ್ತದೆ, ಚರ್ಮ ದಪ್ಪವಾಗುತ್ತದೆ, ದಪ್ಪವಾದ್ದರಿಂದ ಕಪ್ಪಾಗಿ ಕಾಣುತ್ತದೆ. ಅಲ್ಲಿಗೆ ಬೇಕಾದದ್ದು ಸೋಪಲ್ಲ, ಸಕ್ಕರೆ ಪರೀಕ್ಷೆ. ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಇದೆಯಾ, ಮುಟ್ಟು ಸರಿಯಾಗಿ ಆಗುತ್ತಾ ಎಂದು ಕೇಳುತ್ತೇನೆ. ತೂಕ ಇಳಿದರೆ ಕತ್ತು ತಾನೇ ತಿಳಿಯಾಗುವುದನ್ನು ಬೇಕಾದಷ್ಟು ಸಲ ನೋಡಿದ್ದೇನೆ. ಆ ಮಗುವನ್ನು ಬೈಯಬೇಡಿ, ದಯವಿಟ್ಟು.

ಬೆನ್ನಿಗೆ ಬರೋಣ. ನೈಲಾನ್ ನಾರು ಯಾರ್ಯಾರ ಮನೆಯಲ್ಲಿದೆ, ಕೈ ಎತ್ತಿ. ಅಷ್ಟೂ ಜನ! ಬೆನ್ನಿನ ಮೇಲ್ಭಾಗ, ತೋಳಿನ ಹೊರಬದಿ, ಮೊಣಕಾಲಿನ ಕೆಳಗೆ ಕಂದು ಬಣ್ಣ ಗೆರೆಗೆರೆಯಾಗಿ, ಮರಳಿನ ಮೇಲೆ ನೀರು ಹರಿದು ಹೋದ ಗುರುತಿನ ಹಾಗೆ ಕಂಡರೆ, ಅದರಲ್ಲಿ ನಾರಿನ ಪಾಲು ದೊಡ್ಡದು. ದಿನಾ ಉಜ್ಜಿ ಉಜ್ಜಿ ಸತ್ತ ಕಣಗಳ ಚೂರು ಒಳಪದರಕ್ಕೆ ಇಳಿದು ಗಟ್ಟಿಯಾಗಿ ಕೂರುತ್ತದೆ. ಮೂಳೆ ಎದ್ದು ಕಾಣುವ ಕಡೆಗೆಲ್ಲ ಜಾಸ್ತಿ, ಯಾಕೆಂದರೆ ನಾರು ಅಲ್ಲಿ ಒತ್ತಿ ಹಿಡಿಯುತ್ತದೆ. ನಾರು ಬಿಡಿ ಎಂದರೆ, "ಇಲ್ದಿದ್ರೆ ಸ್ನಾನ ಮಾಡಿದ ಹಾಗೇ ಆಗಲ್ಲ" ಎನ್ನುತ್ತಾರೆ. ಹದಿನೈದು ದಿನ ಹಾಗೇ ಅನಿಸುತ್ತದೆ. ಆಮೇಲೆ ಅಭ್ಯಾಸವಾಗುತ್ತದೆ.

ನಿಂಬೆಹಣ್ಣಿನ ವಿಷಯ ನಮ್ಮತ್ತೆಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ನಿಂಬೆಯ ರಸ, ಸಿಪ್ಪೆಯಲ್ಲಿ ಕೆಲವು ಅಂಶಗಳಿವೆ. ಅವು ಚರ್ಮದ ಮೇಲಿದ್ದು ಬಿಸಿಲು ಬಿದ್ದರೆ ಸುಡುತ್ತದೆ. ಹೊರಗೆ ಕೂತು ಷರಬತ್ತಿಗೆ ನಿಂಬೆ ಹಿಂಡಿದವರ ಕೈಗೆ, ರಸ ಹರಿದ ದಾರಿಯಲ್ಲೇ ಬೊಬ್ಬೆ ಎದ್ದು, ಆಮೇಲೆ ಕಪ್ಪು ಗೆರೆ ಉಳಿದದ್ದನ್ನು ನೋಡಿದ್ದೇನೆ. ಅದನ್ನೇ ಬೇಕೆಂದು ಕೆನ್ನೆಗೆ ಹಚ್ಚಿಕೊಂಡು ಬಟ್ಟೆ ಒಣಗಿಸಲು ತಾರಸಿಗೆ ಹೋಗುತ್ತೀರಲ್ಲ! ನಿಂಬೆ ಚಿತ್ರಾನ್ನಕ್ಕಿರಲಿ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಬೈತಲೆ, ಹಣೆ, ಕಿವಿಯ ಮುಂದೆ ಕಪ್ಪಾದರೆ ಕುಂಕುಮ, ತಲೆಗೆ ಹಚ್ಚುವ ಡೈ, ಸೆಂಟು ಹಾಕಿದ ಎಣ್ಣೆ ಯಾವುದನ್ನಾದರೂ ಮೈ ಒಪ್ಪುತ್ತಿಲ್ಲವೇ ನೋಡಬೇಕು. ಬೆರಳ ಗೆಣ್ಣುಗಳು ಕಪ್ಪಾಗಿ, ಸುಸ್ತು, ಕೈಕಾಲು ಜೋಮು ಇದ್ದರೆ ಬಿ12 ಕಡಿಮೆ ಇರಬಹುದು. ಸಸ್ಯಾಹಾರಿಗಳಲ್ಲಿ ಇದು ಅಪರೂಪವೇನಲ್ಲ. ಪ್ರತಿ ಸಲ ನೋವಿನ ಮಾತ್ರೆ ನುಂಗಿದಾಗ ಅದೇ ಜಾಗದಲ್ಲಿ, ತುಟಿಯಲ್ಲೋ ಕೈಯಲ್ಲೋ, ಗುಂಡಗೆ ಉರಿದು ಕಪ್ಪಾದರೆ ಆ ಮಾತ್ರೆ ನಿಮಗೆ ಆಗುವುದಿಲ್ಲ. ಹೆಸರು ಬರೆದಿಟ್ಟುಕೊಳ್ಳಿ. ಮೈಯೆಲ್ಲ ಕಪ್ಪಾಗುತ್ತಾ, ಒಸಡು, ಅಂಗೈ ಗೆರೆ ಕೂಡ ಕಪ್ಪಾಗಿ, ತೂಕ ಇಳಿದು, ನಿಂತರೆ ತಲೆ ಸುತ್ತುತ್ತಿದ್ದರೆ ತಡ ಮಾಡಬೇಡಿ. ಮೂತ್ರಪಿಂಡದ ಮೇಲಿರುವ ಗ್ರಂಥಿ ಕೆಲಸ ನಿಲ್ಲಿಸುತ್ತಿರಬಹುದು. ಥಾಮಸ್ ಅಡಿಸನ್ ಎಂಬ ಇಂಗ್ಲಿಷ್ ವೈದ್ಯ 1855ರಲ್ಲಿ ಬರೆದ ರೋಗ ಅದು. ಹಾಗೆಯೇ, ಬಣ್ಣ ಮಾಸಿದ ಕಲೆಯಲ್ಲಿ ಸ್ಪರ್ಶ ಗೊತ್ತಾಗದಿದ್ದರೆ ಅದೇ ವಾರ ಡಾಕ್ಟರ ಹತ್ತಿರ ಹೋಗಿ. ಬಿಳಿ ಕಲೆಗಳ ಮಾತು ಇನ್ನೊಂದು ದಿನಕ್ಕಿರಲಿ, ಅದೇ ಒಂದು ಸಂಜೆ ಹಿಡಿಯುತ್ತದೆ.

ಮತ್ತೆ ಬಂಗಿಗೆ. ಯಾಕೆ ಬರುತ್ತದೆ? ಒಬ್ಬರು "ಪಿತ್ತ ಜಾಸ್ತಿಯಾಗಿ" ಎಂದರು, ಹಿಂದಿನಿಂದ ಇನ್ನೊಬ್ಬರು "ರಕ್ತ ಕೆಟ್ಟು" ಎಂದರು. ಎರಡೂ ಅಲ್ಲ. ಮನೆತನ, ಹಾರ್ಮೋನು, ಬಿಸಿಲು ಈ ಮೂರು ಮುಖ್ಯ ಕಾರಣಗಳು. ಅಮ್ಮನಿಗೋ ಅಕ್ಕನಿಗೋ ಇರುತ್ತದೆ. ಬಸುರಿಯಾದಾಗ, ಮಕ್ಕಳಾಗದಿರಲು ಮಾತ್ರೆ ತಗೊಂಡಾಗ ಹಾರ್ಮೋನು ಏರಿ ಬಣ್ಣದ ಕಣಗಳು ಚುರುಕಾಗುತ್ತವೆ. ಬಿಸಿಲು ಅದಕ್ಕೆ ತುಪ್ಪ ಸುರಿಯುತ್ತದೆ. ಹೆರಿಗೆಯಾದ ಮೇಲೆ ಹಲವರಿಗೆ ಕೆಲವು ತಿಂಗಳಲ್ಲಿ ಮಾಸುತ್ತದೆ, ಕೆಲವರಿಗೆ ಉಳಿಯುತ್ತದೆ. ನನಗೆ ಉಳಿಯಿತು, ನೋಡಿ, ಈಗಲೂ ಹತ್ತಿರ ಬಂದರೆ ಕಾಣುತ್ತದೆ. ಗಂಡಸರಿಗೂ ಬರುತ್ತದೆ. ಅವರು ಹೆಂಡತಿಯನ್ನು ತೋರಿಸಲು ಬಂದವರ ಹಾಗೆ ಬಂದು, ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ಕೇಳುತ್ತಾರೆ.

"ನಾನು ಹೊರಗೇ ಹೋಗಲ್ಲ, ನನಗ್ಯಾಕೆ ಬಂತು?" ಎಂದು ಒಬ್ಬರು ಕೇಳಿದರು. ಅಡುಗೆಮನೆ ಕಿಟಕಿ ಯಾವ ದಿಕ್ಕಿಗಿದೆ ಎಂದು ನಾನು ಕೇಳಿದೆ. ಪೂರ್ವಕ್ಕೆ. ಅಲ್ಲೇ ಇದೆ ವಿಷಯ. ಚರ್ಮ ಕೆಂಪಾಗಿ ಸುಡುವ ಕಿರಣವನ್ನು ಗಾಜು ಬಹುಪಾಲು ತಡೆಯುತ್ತದೆ. ಆಳಕ್ಕಿಳಿದು ಬಣ್ಣ ಏರಿಸುವ ಕಿರಣವನ್ನು ಅಷ್ಟಾಗಿ ತಡೆಯುವುದಿಲ್ಲ. 2012ರಲ್ಲಿ ಅಮೆರಿಕದ ಒಂದು ವೈದ್ಯ ಪತ್ರಿಕೆಯಲ್ಲಿ 69 ವರ್ಷದ ಒಬ್ಬ ಟ್ರಕ್ ಚಾಲಕನ ಫೋಟೊ ಬಂತು. 28 ವರ್ಷ ಗಾಡಿ ಓಡಿಸಿದವನು. ಕಿಟಕಿ ಕಡೆಯ ಎಡಗೆನ್ನೆ ಮುದುಡಿ ಜೋತು ಬಿದ್ದಿದೆ, ಬಲಗೆನ್ನೆ ಅವನ ತಮ್ಮನದು ಅನ್ನುವ ಹಾಗಿದೆ. ನಮ್ಮ ಬಸ್ ಡ್ರೈವರುಗಳ ಬಲಗೈ, ಎಡಗೈ ಜೋಡಿಸಿ ನೋಡಿ, ಗೊತ್ತಾಗುತ್ತದೆ. ಅಷ್ಟೇ ಅಲ್ಲ, ಕಣ್ಣಿಗೆ ಕಾಣುವ ಬೆಳಕು ಕೂಡ ನಮ್ಮಂಥ ಬಣ್ಣದ ಚರ್ಮವನ್ನು ಇನ್ನಷ್ಟು ಕಪ್ಪಾಗಿಸುತ್ತದೆ. ಒಲೆಯ ಝಳವೂ ಕೆಲವರ ಬಂಗನ್ನು ಕೆಣಕುತ್ತದೆ.

ಸರಿ, ಈಗ ಚೀಲ ತೆಗೆಯಿರಿ.

ಅರಿಶಿನ, ಕಡಲೆಹಿಟ್ಟು ಒಂದು ಕಡೆ ಇಡೋಣ. ಅವುಗಳಿಂದ ಬಂಗು ಹೋಗುವುದಿಲ್ಲ. ಮೆತ್ತಗೆ ಹಚ್ಚಿ ತೊಳೆದರೆ ಹೆಚ್ಚಿನವರಿಗೆ ತೊಂದರೆಯೂ ಇಲ್ಲ. ನನಗೆ ಹೆದರಿಕೆ ಇರುವುದು ಈ ಸಣ್ಣ ಟ್ಯೂಬುಗಳದ್ದು. ಕನ್ನಡಕ ಹಾಕಿಕೊಂಡು ಹಿಂಬದಿ ಓದಿ. ಬೀಟಾಮೆಥಾಸೋನ್, ಮೊಮೆಟಾಸೋನ್, ಕ್ಲೊಬೆಟಾಸಾಲ್, ಫ್ಲುಯೊಸಿನೊಲೋನ್. ಈ ಹೆಸರುಗಳಲ್ಲಿ ಒಂದಿದ್ದರೆ ಅದು ಸ್ಟೀರಾಯ್ಡ್.

ಇದರ ಹಿಂದೆ ಸ್ವಲ್ಪ ಇತಿಹಾಸ ಇದೆ. 1975ರಲ್ಲಿ ಅಮೆರಿಕದ ಕ್ಲಿಗ್‌ಮನ್ ಮತ್ತು ವಿಲ್ಲಿಸ್ ಎಂಬ ವೈದ್ಯರು ಮೂರು ಔಷಧಿ ಬೆರೆಸಿದ ಒಂದು ಮುಲಾಮನ್ನು ತಿಳಿಸಿದರು. ಬಣ್ಣ ತಡೆಯಲು ಹೈಡ್ರೋಕ್ವಿನೋನ್, ಚರ್ಮ ಬೇಗ ಹೊಸದಾಗಲು ಟ್ರೆಟಿನಾಯಿನ್, ಇವೆರಡರ ಉರಿ ತಣಿಸಲು ಒಂದು ಸ್ಟೀರಾಯ್ಡ್. ಬಂಗಿಗೆ ಒಳ್ಳೆಯ ಮದ್ದು. ಅದರ ತಿದ್ದಿದ ರೂಪಗಳನ್ನು ಈಗಲೂ ನಾವು ಬರೆಯುತ್ತೇವೆ, ಲೆಕ್ಕ ಹಾಕಿ ಕೆಲವೇ ವಾರಕ್ಕೆ. ಕಾಕತಾಳೀಯ ನೋಡಿ, ಅದೇ 1975ರಲ್ಲಿ ನಮ್ಮ ದೇಶದ ಅಂಗಡಿಗಳಿಗೆ ಫೇರ್ ಅಂಡ್ ಲವ್ಲಿ ಬಂತು. 2020ರಲ್ಲಿ ಅದು ಹೆಸರಿನಿಂದ ಫೇರ್ ಅನ್ನುವುದನ್ನು ಕಿತ್ತು ಹಾಕಿತು. ನಮ್ಮ ಮನಸ್ಸಿನಿಂದ ಅದು ಅಷ್ಟು ಸುಲಭಕ್ಕೆ ಹೋಗಲಿಲ್ಲ. ಬೆಳ್ಳಗಾಗಬೇಕೆಂಬ ಆಸೆ ಒಂದು ಕಡೆ, ಮೂರು ಔಷಧಿಯ ಟ್ಯೂಬ್ ಇನ್ನೊಂದು ಕಡೆ. ಎರಡೂ ಮೆಡಿಕಲ್ ಶಾಪಿನ ಕೌಂಟರಿನಲ್ಲಿ ಸೇರಿಕೊಂಡವು.

ಸ್ಟೀರಾಯ್ಡ್ ಮುಖಕ್ಕೆ ಏನು ಮಾಡುತ್ತದೆ? ಮೊದಲ ಎರಡು ಮೂರು ವಾರ ಮುಖ ಫಳಫಳ. ರಕ್ತನಾಳ ಕುಗ್ಗಿ ಬಿಳುಪು ಕಾಣುತ್ತದೆ, ಮೊಡವೆ ಅಡಗುತ್ತದೆ. ನೀವು ಪಕ್ಕದ ಮನೆಯವರಿಗೂ ಹೇಳುತ್ತೀರಿ. ಆಮೇಲೆ ಚರ್ಮ ತೆಳುವಾಗಿ ಕೆಂಪು ನರ ಕಾಣತೊಡಗುತ್ತದೆ. ಗಲ್ಲಕ್ಕೆ ಕೂದಲು ಬರುತ್ತದೆ. ಬಿಸಿಲಿಗೆ ಹೋದರೆ ಖಾರ ಹಚ್ಚಿದ ಹಾಗೆ ಉರಿ. ಹೆದರಿ ಬಿಟ್ಟರೆ ಎರಡೇ ದಿನಕ್ಕೆ ಮುಖವೆಲ್ಲ ಕೆಂಪಾಗಿ, ಗುಳ್ಳೆ ಎದ್ದು, ಮತ್ತೆ ಹಚ್ಚಲೇಬೇಕು ಅನ್ನುವ ಸ್ಥಿತಿ. ಕುಡಿತ ಬಿಡಲಾಗದವರ ಕಥೆಯೇ ಇದು. ಬಂಗು ಮೊದಲಿಗಿಂತ ದಟ್ಟವಾಗಿ ವಾಪಸ್ ಬರುತ್ತದೆ. ನಮ್ಮ ದೇಶದ ಚರ್ಮ ವೈದ್ಯರು ಇಂಥ ಮುಖಗಳಿಗೆ ಒಂದು ಹೆಸರನ್ನೇ ಇಡಬೇಕಾಯಿತು, ಅಷ್ಟು ಜನ ಬರತೊಡಗಿದರು. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟೀರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಇವತ್ತು ನೀವು ತಂದ ಟ್ಯೂಬುಗಳಿಗೆ ಎಷ್ಟು ಜನ ಚೀಟಿ ತೋರಿಸಿದ್ದಿರಿ? ನಗುತ್ತೀರಿ. ಅದೇ ಉತ್ತರ.

ಹೆಸರೇ ಬರೆಯದ ಡಬ್ಬಿ ಇನ್ನೂ ಅಪಾಯ. ಅವುಗಳಲ್ಲಿ ಪಾದರಸ ಇರಬಹುದು. ಪಾದರಸ ಬಣ್ಣ ಆಗುವುದನ್ನು ತಡೆಯುತ್ತದೆ, ನಿಜ. ಚರ್ಮದ ಮೂಲಕ ಒಳಗೆ ಹೋಗಿ ಕಿಡ್ನಿಯನ್ನೂ ಕೆಡಿಸುತ್ತದೆ. 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಕಿಡ್ನಿ ತೊಂದರೆಯಿಂದ ಬಂದವರ ಬೆನ್ನು ಹತ್ತಿ ಹೋದ ವೈದ್ಯರಿಗೆ ಕಡೆಗೆ ಸಿಕ್ಕಿದ್ದು ಮುಖದ ಕ್ರೀಮಿನ ಡಬ್ಬಿ. ಯಾರು ಮಾಡಿದ್ದು, ಒಳಗೆ ಏನಿದೆ ಎಂದು ಬರೆಯದ ಡಬ್ಬಿಯನ್ನು ಯಾರೇ ಕೊಡಲಿ, ತಗೋಬೇಡಿ. ಸ್ಟೀರಾಯ್ಡ್ ಟ್ಯೂಬನ್ನು ಮಾತ್ರ ಮನೆಗೆ ಹೋಗಿ ಥಟ್ಟನೆ ಎಸೆಯಬೇಡಿ. ತಿಂಗಳುಗಟ್ಟಲೆ ಹಚ್ಚಿದ್ದರೆ ಡಾಕ್ಟರಿಗೆ ತೋರಿಸಿ ಹಂತಹಂತವಾಗಿ ಬಿಡಬೇಕು.

ಹಾಗಾದರೆ ಏನು ಮಾಡಬೇಕು? ಮೊದಲನೆಯದು ನೆರಳು, ಎರಡನೆಯದೂ ನೆರಳು. ಕೊಡೆ, ಅಗಲ ಅಂಚಿನ ಟೋಪಿ, ಸೆರಗು. ಸನ್‌ಸ್ಕ್ರೀನ್ ತಗೊಳ್ಳುವಾಗ ಎಸ್‌ಪಿಎಫ್ 30 ಅಥವಾ ಅದಕ್ಕೂ ಹೆಚ್ಚು ಇರಲಿ. ಬಂಗಿಗೆ ಚರ್ಮದ ಬಣ್ಣದ್ದೇ ಬರುತ್ತದೆ, ಅದರಲ್ಲಿರುವ ಐರನ್ ಆಕ್ಸೈಡ್ ಕಾಣುವ ಬೆಳಕನ್ನೂ ತಡೆಯುತ್ತದೆ. ಎಷ್ಟು ಹಚ್ಚಬೇಕು? ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಗೆರೆ ಎಳೆದಷ್ಟು, ಮುಖಕ್ಕೂ ಕತ್ತಿಗೂ ಸೇರಿ. ಹಣೆಗೆ ವಿಭೂತಿ ಇಟ್ಟ ಹಾಗೆ ಚೂರು ಹಚ್ಚಿದರೆ ಲೆಕ್ಕಕ್ಕಿಲ್ಲ. ಹೊರಗಿದ್ದರೆ ಎರಡು ಮೂರು ಗಂಟೆಗೊಮ್ಮೆ ಮತ್ತೆ.

ಅದರ ಮೇಲೆ ಔಷಧಿ. ಅಜೆಲಾಯಿಕ್ ಆಮ್ಲದ ಕ್ರೀಮ್ ಇದೆ, ಅದು ಬಸುರಿಯರಿಗೂ ಆಗುತ್ತದೆ. ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಬಸುರಿಯರಿಗೆ ಬೇಡ. ಟ್ರಾನೆಕ್ಸಾಮಿಕ್ ಆಮ್ಲ ಅಂತ ಮಾತ್ರೆ ಕೇಳಿರಬಹುದು. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋದರೆ ಕೊಡುವ ಮಾತ್ರೆಯೇ. 1979ರಲ್ಲಿ ಜಪಾನಿನ ವೈದ್ಯರೊಬ್ಬರು ಪಿತ್ತಗಂಧೆಗೆ ಅದನ್ನು ಕೊಟ್ಟಾಗ ರೋಗಿಯ ಬಂಗು ಕಡಿಮೆಯಾದದ್ದನ್ನು ಗಮನಿಸಿದರು. ಈಗ ನಾವೂ ಕೊಡುತ್ತೇವೆ. ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ ಕೊಡುವಂತಿಲ್ಲ, ಅದಕ್ಕೇ ಮೆಡಿಕಲ್ ಶಾಪಿನಿಂದ ತಂದು ನುಂಗಬೇಡಿ. ಲೇಸರ್ ಬಗ್ಗೆ ನನಗೆ ಬಂಗಿನ ಮಟ್ಟಿಗೆ ಅನುಮಾನವೇ ಜಾಸ್ತಿ. ಹುಟ್ಟಿನಿಂದ ಒಂದೇ ಕಡೆ ಕಣ್ಣಿನ ಸುತ್ತ ಬರುವ ನೀಲಿ ಮಚ್ಚೆಗೆ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಬಂಗಿಗೆ ಲೇಸರ್ ಕೂಡ ಒಂದು ಥರ ಉಜ್ಜುವುದೇ. ಪಾರ್ಲರಿನಲ್ಲಿ ಆತುರಕ್ಕೆ ಪೀಲ್, ಅಂದರೆ ಚರ್ಮದ ಮೇಲ್ಪದರ ಸುಲಿಯುವ ಮದ್ದು, ಮಾಡಿಸಿಕೊಂಡವರೂ ಎರಡು ಪಟ್ಟು ಕಪ್ಪು ಹೊತ್ತು ಬರುತ್ತಾರೆ.

ಮೂರು ನಾಲ್ಕು ತಿಂಗಳು ಹಿಡಿಯುತ್ತದೆ. ತಿಳಿಯಾದದ್ದು ಶಿವರಾತ್ರಿ ಕಳೆದು ಬಿಸಿಲೇರಿದಾಗ ಮತ್ತೆ ಎದ್ದು ಬರಬಹುದು. ಸಕ್ಕರೆ ಕಾಯಿಲೆ, ಬಿಪಿ ಇದ್ದ ಹಾಗೆ ಇದನ್ನೂ ಹಿಡಿತದಲ್ಲಿ ಇಟ್ಟುಕೊಳ್ಳಬೇಕು, ಬುಡಸಮೇತ ಕೀಳುವ ಮಾತಿಲ್ಲ.

ಒಬ್ಬ ತಾಯಿ ಎದ್ದು, "ಮುಂದಿನ ಭಾನುವಾರ ಮಗಳನ್ನು ನೋಡಲು ಬರುತ್ತಾರೆ, ಅಷ್ಟರಲ್ಲಿ ಏನಾದರೂ ಕೊಡಿ" ಎಂದರು. ಎಂಟು ದಿನದಲ್ಲಿ ಕೆಲಸ ಮಾಡುವ ಔಷಧಿ ಯಾರಾದರೂ ಕೊಟ್ಟರೆ ಅದು ಸ್ಟೀರಾಯ್ಡೇ. ಕಲೆ ಮುಚ್ಚುವ ಮೇಕಪ್ ಸಿಗುತ್ತದೆ, ಮಗಳಿಗೆ ಬೇಕಿದ್ದರೆ ಹಚ್ಚಿಕೊಳ್ಳಲಿ, ಸಂಜೆ ತೊಳೆದುಕೊಳ್ಳಲಿ. ಬೇಕಾ ಬೇಡವಾ ಅಂತ ಅವಳನ್ನೇ ಕೇಳಿ ಎಂದೆ. ಮಗಳು ಪಕ್ಕದಲ್ಲೇ ಕೂತಿದ್ದಳು. ಬೇಡ ಅಂತ ತಲೆಯಾಡಿಸಿದಳು.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು. ಸಂತೆಯಲ್ಲಿ ಸೊಪ್ಪು ಮಾರುವವರು. "ಡಾಕ್ಟ್ರೇ, ನೀವು ಹೇಳಿದ ಕ್ರೀಮು ತಿಂಗಳಿಗೆ ಎಷ್ಟಾಗುತ್ತೆ?" ಹೇಳಿದೆ. ನಕ್ಕರು. ಹೋಗಲಿ, ನೆರಳಿಗೆ ಟಾರ್ಪಾಲ್ ಕಟ್ಟಿಕೊಂಡಿಲ್ಲವಾ ಎಂದು ಕೇಳಿದೆ. "ಕಟ್ಟಿದೀನಿ. ನೆರಳೆಲ್ಲ ಸೊಪ್ಪಿಗೇ ಬೇಕಲ್ಲ, ಬಾಡಿದ್ರೆ ಯಾರು ತಗೋತಾರೆ? ನಾನು ಬಿಸಿಲಲ್ಲೇ ಕೂರೋದು." ಇದಕ್ಕೆ ನಾನು ಓದಿದ ಪುಸ್ತಕದಲ್ಲಿ ಉತ್ತರ ಇರಲಿಲ್ಲ. ಬಿಸಿಲು ಯಾವ ಕಡೆಯಿಂದ ಬೀಳುತ್ತದೆ ಎಂದು ಕೇಳಿದೆ. ಮಧ್ಯಾಹ್ನದ ಮೇಲೆ ಪಡುವಣದಿಂದ ಎಂದರು. ಹಾಗಾದರೆ ಆ ಕಡೆಗೆ ಎರಡು ಮೊಳ ಇಳಿಬಿಟ್ಟರೆ ಸೊಪ್ಪಿಗೂ ನಿಮಗೂ ಆಗುತ್ತದಲ್ಲ? ಅವರು ಪಕ್ಕದವರ ಕಡೆ ತಿರುಗಿ, ಎರಡು ಮೊಳ ಟಾರ್ಪಾಲಿಗೆ ಎಷ್ಟು, ಕಟ್ಟಲು ಗಳ ಬೇರೆ ಬೇಕಾ ಎಂದು ಅಲ್ಲೇ ಲೆಕ್ಕ ಹಾಕತೊಡಗಿದರು.